ಹೂಮಳೆ ಬೀಳದ ಊರು

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರು ಯಾವ ಊರನ್ನಾದರೂ ಅಳೆಯುವುದು ಮಳೆಯ ಇಂಚಿನಲ್ಲೇ. ಬೆಂಗಳೂರಿನಲ್ಲಿದ್ದ ಮಗ ವಿದೇಶದಲ್ಲಿ ನೆಲೆಸಲು ಊರು ಹುಡುಕುತ್ತಿದ್ದ.

“ಮೆಲ್ಬರ್ನ್‌ನಲ್ಲಿ ಮಳೆ ಎಷ್ಟು?”

“ವರ್ಷಕ್ಕೆ ಸುಮಾರು 25 ಇಂಚು.”

“ನಮ್ಮ ಕಳಸದಲ್ಲಿ ಜುಲೈ ಒಂದರಲ್ಲೇ ಅಷ್ಟು ಹೊಯ್ಯುತ್ತೆ! ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ?”

“ಅಲ್ಲಿ ಕಾಫಿ ಬೆಳೆಯಲ್ಲ ಅಪ್ಪಾ, ಕುಡೀತಾರೆ ಅಷ್ಟೇ. ವೀಸಾಕ್ಕೆ 65 ಅಂಕ ಬೇಕು. ನನ್ನ ವಯಸ್ಸಿಗೇ 30 ಸಿಗುತ್ತೆ.”

“ತೋಟಕ್ಕೆ?”

“ಸೊನ್ನೆ.”

ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿಯ ಬಾಬಾ ಬುಡನ್‌ರನ್ನು ಯಾರೂ ಅಂಕ ಕೇಳಲಿಲ್ಲ. ಆಮೇಲೆ ಬಂದ ಬ್ರಿಟಿಷ್ ಪ್ಲಾಂಟರುಗಳನ್ನಂತೂ ಕೇಳುವವರೇ ಇರಲಿಲ್ಲ.

“ಬೇಜಾರಾದ್ರೆ ಅಲ್ಲಿಂದಲೇ ಇಲ್ಲೊಂದು ತೋಟ ಕೊಳ್ತೀನಿ ಬಿಡಿ.”

“ಆಗಲ್ಲ ಮಾರಾಯ. ಅನಿವಾಸಿಗಳು ಮನೆ ಕೊಳ್ಳಬಹುದು, ತೋಟ ಕೊಳ್ಳೋ ಹಾಗಿಲ್ಲ. ಅಪ್ಪನಿಂದ ವಾರಸಾಗಿ ಬಂದರೆ ಮಾತ್ರ.”

ಮಗನ ದನಿ ಮೆತ್ತಗಾಯಿತು.

“ಅಪ್ಪಾ, ಬಿಪಿ ಮಾತ್ರೆ ತಗೊಂಡ್ರಾ?”