ಬೆಳಕಪ್ಪನ ಮನೆ ರಿಪೇರಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಊರು ಯಾವುದೇ ಇರಲಿ, ಬಡಾವಣೆಗೊಬ್ಬ ಬೆಳಕಪ್ಪ ಇದ್ದೇ ಇರುತ್ತಾನೆ. ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಹಿಡಿದಿರುತ್ತಾನೆ. ಅಲ್ಲಿ ನಾಲ್ಕು ದಿನ ಇದ್ದು ಬಂದವನಿಗೆ ಸ್ವಂತ ಮನೆ ಹಗೇವಿನಂತೆ ಕಾಣತೊಡಗುತ್ತದೆ. ‘ಬೆಳಕ ಬರಬೇಕ್ರೀ, ಸಾಮಾನ ಹಿಡಿಬೇಕ್ರೀ’ ಎಂದು ಗೌಂಡಿಗೆ ಎರಡೇ ಮಾತು. ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ ಗೋಡೆ. ಹೀಗಾಗಿ ಈ ವರ್ಷ ಪಡುವಣ ಗೋಡೆ ಒಡೆದು ಆಳೆತ್ತರದ ಗಾಜು ಕೂರುತ್ತದೆ, ಮರುವರ್ಷ ಅದಕ್ಕೇ ಅಡ್ಡಲಾಗಿ ಪ್ಲೈವುಡ್ ವಾರ್ಡ್‌ರೋಬ್ ನಿಲ್ಲುತ್ತದೆ.

ಬೆಂಗಳೂರಿನ ತಂಪಿಗೆ ಒಗ್ಗಿದ ಗಾಜು ಇಲ್ಲಿಗೆ ಒಗ್ಗದು. 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಈ ಸೀಮೆಯಲ್ಲಿ ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಅವನನ್ನು ಚಜ್ಜಾ ತಡೆದೀತು. ನಾಲ್ಕು ಗಂಟೆಯ ಇಳಿಬಿಸಿಲು ಚಜ್ಜಾದ ಕೆಳಗೇ ನುಸುಳಿ ಸೋಫಾದ ಮೇಲೆ ಬಂದು ಕೂರುತ್ತದೆ. ಆಗ ದಪ್ಪ ಪರದೆ, ಪರದೆಯ ಕತ್ತಲಿಗೆ ಟ್ಯೂಬ್‌ಲೈಟು. ‘ಇದು ಮಾಡರ್ನ್ ಡಿಸೈನ್’ ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಮಾಡರ್ನ್ ಕಟ್ಟಡಗಳ ಗುರುವೇ ಆದ ಲೆ ಕಾರ್ಬೂಸಿಯೇ ಚಂಡೀಗಡದಲ್ಲಿ ಬಿಸಿಲಿಗೆ ಕಾಂಕ್ರೀಟಿನ ಮರೆ ಕಟ್ಟಿದ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983ರಲ್ಲಿ ಮುಗಿದ ಮುಂಬೈನ ಕಾಂಚನಜುಂಗಾ ಅಪಾರ್ಟ್‌ಮೆಂಟಿನ ಮೂಲೆಗಳಲ್ಲಿ ಎರಡಂತಸ್ತಿನೆತ್ತರದ ಪಡಸಾಲೆಗಳನ್ನೇ ಕೊರೆದಿಟ್ಟರು.

ಹಾಗಾದರೆ ಮಣ್ಣಿನ ಮಾಳಿಗೆಗೇ ಮರಳಬೇಕೇ ಎಂದು ಬೆಳಕಪ್ಪ ಕೇಳುತ್ತಾನೆ, ಕೇಳುವುದರಲ್ಲಿ ನ್ಯಾಯವಿದೆ. ಸೋರುವ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹೊರುವವರಾರು? ಜಂತಿಯ ಸಂದಿನ ಚೇಳನ್ನು ಮರೆತು ಹಳೆಮನೆ ಹೊಗಳುವವರು ಸಾಮಾನ್ಯವಾಗಿ ಅಲ್ಲಿ ಒಲೆ ಊದಿದವರಲ್ಲ. ಆದರೂ ಆ ಮನೆಯ ಲೆಕ್ಕ ನೆಟ್ಟಗಿತ್ತು. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ, ಜೋಳ ನೆಲದೊಳಗಿನ ಹಗೇವಿಗೆ, ಸಣ್ಣಪುಟ್ಟ ಸಾಮಾನು ದಪ್ಪ ಗೋಡೆಯ ಮಾಡಕ್ಕೆ. ಆರ್‌ಸಿಸಿ ಮನೆಗೂ ಇದೇ ಲೆಕ್ಕ ನಡೆದೀತು: ಪಡುವಣ ಗೋಡೆಯುದ್ದಕ್ಕೂ ಕಪಾಟು ನಿಲ್ಲಿಸಿದರೆ ಸೆಕೆಯನ್ನು ಮೊದಲು ಬಟ್ಟೆಬರೆ ಉಣ್ಣುತ್ತವೆ, ಕಿಟಕಿ ಬಡಗಣಕ್ಕೆ, ತಾರಸಿಯಲ್ಲೊಂದು ಗಾಜು ಮುಚ್ಚಿದ ಬೆಳಕಿಂಡಿ.

ತಾರಸಿಯ ಮಾತೆತ್ತಿದರೆ ಮಾತ್ರ ಬೆಳಕಪ್ಪ ಮೆತ್ತಗಾಗುತ್ತಾನೆ. ಅಲ್ಲಿ ಮಗನ ಮಹಡಿಗೆಂದು ಬಿಟ್ಟ ಕಂಬಿಗಳು ತುಕ್ಕು ಹಿಡಿಯುತ್ತಿವೆ. ಕೆಳಗಿನ ಲಾಫ್ಟಿನಲ್ಲೂ ಅವನದೇ ಸಂಸಾರ: ಆಯೇರಿಯಲ್ಲಿ ಬಂದ, ಹೆಸರು-ತಾರೀಖು ಕೊರೆದ ಸ್ಟೀಲ್ ಡಬ್ಬಿಗಳು, ಅವ್ವ ಹೊಲಿದ ಕೌದಿಗಳು, ಹತ್ತನೇ ಇಯತ್ತೆಯ ನೋಟ್‌ಬುಕ್ಕು. ಇವನ್ನೆಲ್ಲ ತೆಗೆದರೆ ಅರ್ಧ ಮನೆ ತಾನಾಗಿ ಬೆಳಗೀತು. ತೆಗೆ ಎಂದು ಹೇಳುವ ಬಾಯಿ ಯಾರದು? ಪಡುವಣದ ಗಾಜಿನ ಬಗ್ಗೆ ಮಾತ್ರ ಅವನು ಜಪ್ಪಯ್ಯ ಎನ್ನುವುದಿಲ್ಲ: ‘ರೋಡ್ ಇರೋದ ಆ ಕಡೀಗ್ರೀ. ಬಡಗಣಕ್ಕ ಗಾಜ ಕುಂದರಿಸಿದ್ರ ನೋಡವ್ರ ಯಾರ್ರೀ?’