ಸ್ವದೇಶಿ ಸ್ನೇಹಪಂದ್ಯದ ಪೂರ್ವಸಿದ್ಧತೆ: ತಾತ್ವಿಕ ನೆಲೆಗಳ ಒಂದು ಅನುಸಂಧಾನ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂದು ನಾಲ್ಕು. ಪ್ರಸ್ತುತ ಪ್ರಬಂಧದ ವಿಷಯ: 2025ರ ಮಾರ್ಚ್ 19ರಂದು ಶಿಲ್ಲಾಂಗಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಮಾಲ್ಡೀವ್ಸ್ ವಿರುದ್ಧ ಆಡಿದ ಸ್ನೇಹಪಂದ್ಯಕ್ಕೆ ಭಾರತದ ಪುರುಷರ ಫುಟ್‌ಬಾಲ್ ತಂಡ ಮಾಡಿಕೊಂಡ ಸಿದ್ಧತೆ. ಪ್ರಯೋಜನ: ಇಲ್ಲ. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಸಂಬಂಧವಿಲ್ಲದಿರುವುದೇ ಇಲ್ಲಿನ ಸಂಬಂಧ. ಇನ್ನು ಅಧಿಕಾರಿ. ಶಾಸ್ತ್ರದಲ್ಲಿ ಈ ಪದಕ್ಕೆ ಗ್ರಂಥ ಓದಲು ಅರ್ಹನಾದವನು ಎಂದರ್ಥ. ನಮ್ಮ ಫುಟ್‌ಬಾಲಿನಲ್ಲಿ ಬೇರೆ ಅರ್ಥವಿದೆ. ಅಲ್ಲಿ ಅರ್ಹತೆಯ ಪ್ರಶ್ನೆ ಏಳುವುದಿಲ್ಲ. ಎದ್ದದ್ದು ಒಮ್ಮೆ, 2022ರ ಆಗಸ್ಟ್‌ನಲ್ಲಿ. ಆಗ ಫಿಫಾ ನಮ್ಮ ಇಡೀ ಒಕ್ಕೂಟವನ್ನೇ ಕೆಲವು ದಿನ ಅಮಾನತಿನಲ್ಲಿಟ್ಟಿತು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಬಾವುಟಗಳನ್ನು ಜನ ಇನ್ನೂ ಮಾಳಿಗೆಯಿಂದ ಇಳಿಸಿರಲಿಲ್ಲ.

ಈ ಸಂಶೋಧನೆಗೆ ಪ್ರೇರಣೆ ಒಂದು ವಿಚಾರ ಸಂಕಿರಣ. ಎಲ್ಲಿ, ಯಾರು ನಡೆಸಿದ್ದು ಎಂಬುದು ಬೇಡ. ಕ್ರೀಡೆ ಮತ್ತು ಸಂಸ್ಕೃತಿ ಕುರಿತದ್ದು. ಮೂರು ಗಂಟೆ ಕೂತಿದ್ದೆ. ಫುಟ್‌ಬಾಲಿನ ಬಗ್ಗೆಯೇ ಎರಡು ಪ್ರಬಂಧ ಮಂಡನೆಯಾದವು. ಒಬ್ಬರ ಬಾಯಲ್ಲೂ ಗೋಲು ಎಂಬ ಪದ ಬರಲಿಲ್ಲ. ಊಟಕ್ಕೆ ಹೋಳಿಗೆ ಇತ್ತು.

ಒಂದು: ನಾಮಮೀಮಾಂಸೆ

ಮೊದಲು ವಸ್ತುವಿಗೆ ಹೆಸರಿಡಬೇಕು. ಹೆಸರಿಟ್ಟ ಮೇಲೆ ವಸ್ತು ಇಲ್ಲದಿದ್ದರೂ ನಡೆಯುತ್ತದೆ. ಜನಸಾಮಾನ್ಯರು ಇದನ್ನು 'ಫ್ರೆಂಡ್ಲಿ ಮ್ಯಾಚ್' ಎನ್ನುತ್ತಾರೆ. ಎಲ್ಲರಿಗೂ ಅರ್ಥವಾಗುವುದರಿಂದ ಈ ಪ್ರಯೋಗ ಸಂಶೋಧನೆಗೆ ಅಯೋಗ್ಯ. ನಾವು ಇದನ್ನು 'ಸ್ವದೇಶೀಯ ಸಖ್ಯಕಂದುಕ ಸಂಘಟ್ಟ' ಎಂದು ಪರಿಭಾಷಿಸಿ, ಮುಂದೆ 'ಸ್ವಸಕಸಂ' ಎಂದು ಕರೆಯುತ್ತೇವೆ. ಅದಕ್ಕೆ ಮೊದಲು ನಡೆಯುವ ಶಿಬಿರ, ಪತ್ರಿಕಾಗೋಷ್ಠಿ, ಜೆರ್ಸಿ ಹಿಡಿದು ಫೋಟೊ ತೆಗೆಸಿಕೊಳ್ಳುವಿಕೆ, ಇವೆಲ್ಲ ಸೇರಿ 'ಸ್ವಸಕಸಂಪೂರ್ವ ಸಂಕಥನ'. ಇಲ್ಲಿ ತಂಡಗಳು ಆಡುವುದಿಲ್ಲ. ಎರಡು ಅನನ್ಯತೆಗಳು ಮುಖಾಮುಖಿಯಾಗುತ್ತವೆ. ಪಾಸ್ ಕೊಡುವುದಿಲ್ಲ, ಅನುಸಂಧಾನ ನಡೆಸುತ್ತವೆ. ಆಫ್‌ಸೈಡ್ ಎಂದರೆ ಕಾಲಕ್ಕೆ ಮುನ್ನ ಗಡಿ ದಾಟಿದ ದೇಹದ ಪರಕೀಯ ಪ್ರಜ್ಞೆ. ಗೋಲು ಎಂದರೆ ಏನೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ನಮ್ಮ ಮುಂಚೂಣಿಯ ಆಟಗಾರರೂ ಹಾಗೇ ಬಿಟ್ಟಿದ್ದಾರೆ.

'ಕಾಲ್ಚೆಂಡು' ಎಂಬ ಅಚ್ಚಗನ್ನಡ ಪದವಿದೆಯಲ್ಲ ಎಂದು ಪೂರ್ವಪಕ್ಷ. ಇದೆ. ಅದು ಪತ್ರಿಕೆಗಳ ತಲೆಬರಹದಲ್ಲಿ ಮಾತ್ರ ಉರುಳುವ ಚೆಂಡು. ಯಾವ ಬೀದಿಯ ಹುಡುಗನೂ ಅದನ್ನು ಒದ್ದದ್ದನ್ನು ನಾನು ನೋಡಿಲ್ಲ.

ಎರಡು: ವರ್ಗೀಕರಣ

ಸ್ವಸಕಸಂ ಏಳು ವಿಧ.

ಮೊದಲನೆಯದು ವಿದಾಯಸಖ್ಯ. 2012ರ ಜನವರಿ 10ರಂದು ದೆಹಲಿಯಲ್ಲಿ ಬೈಚುಂಗ್ ಭುಟಿಯಾ ಅವರನ್ನು ಬೀಳ್ಕೊಡಲು ಬಯರ್ನ್ ಮ್ಯೂನಿಕ್ ತಂಡವನ್ನು ಕರೆಸಲಾಯಿತು. ಬಂದವರು ಬರಿಗೈಯಲ್ಲಿ ಬರಬಾರದೆಂದು ನಾಲ್ಕು ಗೋಲು ಮುಯ್ಯಿ ಕೊಟ್ಟರು. ನಾವು ತಿರುಗಿ ಒಂದನ್ನೂ ಕೊಡಲಿಲ್ಲ.

ಎರಡನೆಯದು ಪರಸಖ್ಯ. 2011ರ ಸೆಪ್ಟೆಂಬರ್ 2ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಅರ್ಜೆಂಟೀನಾ ಮತ್ತು ವೆನೆಜುವೆಲಾ ಆಡಿದವು. ಅಂಗಳ ನಮ್ಮದು, ಮದುವೆ ಬೇರೆಯವರದು. ಮೆಸ್ಸಿ ನಾಯಕ, ಅರ್ಜೆಂಟೀನಾ 1-0. ಈ ಬಗೆಯ ಸಖ್ಯದಲ್ಲಿ ಭಾರತ ಸೋಲುವುದೇ ಇಲ್ಲ. ಹೀಗಾಗಿ ಇದನ್ನೇ ಹೆಚ್ಚಿಸಬೇಕೆಂಬ ವಾದವೂ ಇದೆ.

ಮೂರನೆಯದು ಯಾಚನಾಸಖ್ಯ. 2018ರ ಜೂನ್ 1ರಂದು ಮುಂಬೈಯಲ್ಲಿ, ನಾವೇ ನಾಲ್ಕು ದೇಶಗಳನ್ನು ಸೇರಿಸಿ ಕಟ್ಟಿಕೊಂಡ ಪಂದ್ಯಾವಳಿಯಲ್ಲಿ, ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು 2,569 ಜನ. ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಂದು ಗಾಡಿಯ ಮುಂದೆ ಇದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ. ಮಾರನೆಯ ದಿನ ಛೆಟ್ರಿ ಒಂದು ವಿಡಿಯೊ ಮಾಡಿ, ಬೈಯುವುದಾದರೆ ಬೈಯಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ ಎಂಬರ್ಥದಲ್ಲಿ ಬೇಡಿಕೊಂಡರು. ಮುಂದಿನ ಪಂದ್ಯ ಕೆನ್ಯಾ ಎದುರು, ಅವರ ನೂರನೆಯದು. ಟಿಕೆಟ್ ಎಲ್ಲ ಮಾರಿಹೋದವು. ಗೋಲು ಹೊಡೆಯುವವನೇ ಟಿಕೆಟಿಗೂ ಕೈಮುಗಿಯಬೇಕಾದ ಈ ಸ್ಥಿತಿಗೆ ಯಾವ ಪಾರಿಭಾಷಿಕ ಪದವನ್ನೂ ನಾನು ಕಂಡುಹಿಡಿಯಲಾರೆ.

ನಾಲ್ಕನೆಯದೇ ನಮ್ಮ ವಸ್ತು, ಪೂರ್ವರಂಗಸಖ್ಯ. ಯಕ್ಷಗಾನ ನೋಡಿದವರಿಗೆ ಗೊತ್ತು. ಪ್ರಸಂಗ ಶುರುವಾಗುವ ಮುಂಚೆ ಕೋಡಂಗಿಗಳು ಕುಣಿಯುತ್ತವೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷಗಳು ಬಂದು ಹೋಗುತ್ತವೆ. ಮುಖ್ಯವೇಷ ಇನ್ನೂ ಚೌಕಿಯಲ್ಲಿ ಬಣ್ಣ ಬಳಿದುಕೊಳ್ಳುತ್ತಿರುತ್ತದೆ. ಮಾಲ್ಡೀವ್ಸ್ ಪಂದ್ಯ ಇಂಥ ಪೂರ್ವರಂಗ. ಪ್ರಸಂಗ ಮಾರ್ಚ್ 25ಕ್ಕೆ, ಅದೇ ಅಂಗಳದಲ್ಲಿ, ಬಾಂಗ್ಲಾದೇಶದ ಎದುರು, ಏಷ್ಯಾ ಕಪ್ ಅರ್ಹತೆಗೆ. ಮೇಳದಲ್ಲಿ ಬೆಳಗಿನ ಜಾವಕ್ಕಾದರೂ ರಾಕ್ಷಸ ಸಾಯುತ್ತಾನೆ. ನಮ್ಮಲ್ಲಿ ಪೂರ್ವರಂಗ ಮುಗಿಯುವಷ್ಟರಲ್ಲಿ ಪ್ರೇಕ್ಷಕ ಚಾಪೆ ಸುತ್ತಿಕೊಂಡು ಹೊರಟಿರುತ್ತಾನೆ.

ಐದು, ಆರು, ಏಳನೆಯ ವಿಧಗಳನ್ನು ಬರೆದಿಟ್ಟಿದ್ದೆ. ಓದಿದರೆ ನನಗೇ ಆಕಳಿಕೆ ಬಂತು. ಬೇಡ.

ಮೂರು: ಸಿದ್ಧತೆಯ ಪಂಚಾಂಗ

ಸಿದ್ಧತೆಗೆ ಐದು ಅಂಗಗಳಿರುವುದರಿಂದ ಅದು ಪಂಚಾಂಗ. ಈ ಪದಕ್ಕೆ ಮತ್ತೊಂದು ಅರ್ಥವಿದೆ, ಅದನ್ನೂ ಒಕ್ಕೂಟ ಕಡೆಗಣಿಸಿಲ್ಲ. ಹಿಂದಿನ ಕೋಚ್ ಕಾಲದಲ್ಲಿ ಯಾವ ಆಟಗಾರನ ಗ್ರಹಗತಿ ಹೇಗಿದೆ ಎಂದು ಜ್ಯೋತಿಷಿಯೊಬ್ಬರನ್ನು ಕೇಳಲಾಗುತ್ತಿತ್ತೆಂದು 2023ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಹಾಗಾಗಿ ಗ್ರಹಬಲ ಮೊದಲ ಅಂಗ. ಇದಕ್ಕೆ ನಗಬಾರದು. ಮಿಡ್‌ಫೀಲ್ಡಿನಿಂದ ಯಾವ ಬಲವೂ ಬರದಿದ್ದಾಗ ಎಲ್ಲಿಂದಲಾದರೂ ಬರಲಿ ಎಂದು ಯಾರಾದರೂ ಮೇಲಕ್ಕೆ ನೋಡುತ್ತಾರೆ.

ಎರಡನೆಯದು ಮುನ್ನೋಟ. 2023ರ ಜನವರಿಯಲ್ಲಿ ಒಕ್ಕೂಟ 'ವಿಷನ್ 2047' ಎಂಬ ದಾಖಲೆ ಬಿಡುಗಡೆ ಮಾಡಿತು. ಸ್ವಾತಂತ್ರ್ಯದ ನೂರನೆಯ ವರ್ಷಕ್ಕೆ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ನಾವಿರಬೇಕಂತೆ. ಗುರಿ ಹತ್ತಿರವಿದ್ದರೆ ತಪ್ಪಿದ್ದು ಕಾಣುತ್ತದೆ. ಇಪ್ಪತ್ತನಾಲ್ಕು ವರ್ಷ ದೂರವಿಟ್ಟರೆ ತಪ್ಪಿದವರು ನಿವೃತ್ತರಾಗಿರುತ್ತಾರೆ. 2047ರ ಆಗಸ್ಟ್‌ಗೆ ಛೆಟ್ರಿ ಅವರಿಗೆ ಅರವತ್ಮೂರು ತುಂಬಿರುತ್ತದೆ. ಕರೆದರೆ ಬಂದಾರು.

ಮೂರನೆಯದು ದ್ವಿಪಾತ್ರ. ಆಗಿನ ಕೋಚ್ ಮನೋಲೊ ಮಾರ್ಕೆಸ್ ಅದೇ ಸಮಯದಲ್ಲಿ ಎಫ್‌ಸಿ ಗೋವಾ ಕ್ಲಬ್ಬಿನ ಕೋಚ್ ಕೂಡ ಆಗಿದ್ದರು. ಆ ಮನುಷ್ಯನ ತಪ್ಪೆಂದು ನಾನು ಹೇಳುವುದಿಲ್ಲ. ನೂರನಲವತ್ತು ಕೋಟಿ ಜನರ ದೇಶ ತನ್ನ ತಂಡಕ್ಕೆ ಒಬ್ಬ ಪೂರ್ಣಾವಧಿ ಮೇಷ್ಟ್ರನ್ನು ಇಟ್ಟುಕೊಳ್ಳಲಿಲ್ಲ ಅಂದರೆ ನಮ್ಮ ಊರಿನ ಏಕೋಪಾಧ್ಯಾಯ ಶಾಲೆಯೇ ಮೇಲು. ಅಲ್ಲಿ ಮೇಷ್ಟ್ರು ಒಬ್ಬರೇ ಆದರೂ ಶಾಲೆಯೂ ಒಂದೇ.

ನಾಲ್ಕನೆಯದು ಅಗ್ರಗಾಮಿ, ಅಂದರೆ ಸೆಂಟರ್ ಫಾರ್ವರ್ಡ್. ಇದರ ಸ್ವರೂಪ ನಿರ್ವಚನೀಯವೂ ಅಲ್ಲ, ಅನಿರ್ವಚನೀಯವೂ ಅಲ್ಲ, ಅದು ಇಲ್ಲ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಗೋಲಿಲ್ಲದ ಪಂದ್ಯವಾಡಿ, ಕಣ್ಣೊರೆಸಿಕೊಂಡು, ಛೆಟ್ರಿ ನಿವೃತ್ತರಾದರು. ಆಗ 94 ಗೋಲು. ಆ ವರ್ಷ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಮಾಲ್ಡೀವ್ಸ್ ಪಂದ್ಯಕ್ಕೆ ಮಾಡಿಕೊಂಡ ಅತಿ ದೊಡ್ಡ ಸಿದ್ಧತೆ ಯಾವುದೆಂದರೆ, ನಲವತ್ತು ತುಂಬಿದ ಆ ಮನುಷ್ಯನಿಗೆ ವಾಪಸ್ ಬಾರಪ್ಪ ಎಂದದ್ದು.

ಇದಕ್ಕೆ ಹೊಸ ಪರಿಭಾಷೆ ಬೇಕಿಲ್ಲ, ಹಳೆಯದು ಸಾಕು: ನಾಚಿಕೆ. ಛೆಟ್ರಿಗಲ್ಲ. ಅವರು ಆ ಸಾಲಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿಗಾಗಿ 14 ಗೋಲು ಹೊಡೆದರು. ಭಾರತೀಯರಲ್ಲಿ ಅದೇ ಹೆಚ್ಚು. ಎಲ್ಲರಿಗಿಂತ ಹೆಚ್ಚು, 23, ಹೊಡೆದದ್ದು ಮೊರಾಕ್ಕೊದ ಅಜಾರೈ. ಲೀಗ್ ಶುರುವಾದದ್ದು 2014ರಲ್ಲಿ. ಅಂದು ಏಳು ವರ್ಷದವನಾಗಿದ್ದ ಹುಡುಗನಿಗೆ ಈಗ ಮೀಸೆ ಬಂದಿದೆ. ಅವನನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾವ ಕ್ಲಬ್ ಗೋಲಿನ ಮುಂದೆ ನಿಲ್ಲಿಸುತ್ತದೆ? ಮೈದಾನದಲ್ಲಿ ನಾಲ್ವರು ವಿದೇಶೀಯರಿಗೆ ಅವಕಾಶವಿದೆ. ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲಿ ನಿಲ್ಲಿಸುತ್ತಾರೆಂದು ಕೇಳಬೇಕಿಲ್ಲ. ನಮ್ಮ ಹುಡುಗ ವಿಂಗಿಗೆ ಹೋಗುತ್ತಾನೆ, ಇಲ್ಲವೇ ಬೆಂಚಿಗೆ. ಕ್ಲಬ್ಬುಗಳಿಗೆ ಗೆಲುವು ಬೇಕು, ತಪ್ಪಲ್ಲ. ಆದರೆ ಹುಡುಗ ಎಲ್ಲಿ ಕಲಿಯಬೇಕು? ಸ್ನೇಹಪಂದ್ಯಕ್ಕೆ ಮುಂಚಿನ ನಾಲ್ಕು ದಿನದ ಶಿಬಿರದಲ್ಲಾ? ಗೋಲು ಹೊಡೆಯುವುದು ಹತ್ತು ವರ್ಷದ ಚಟ. ಪವರ್‌ಪಾಯಿಂಟ್ ತೋರಿಸಿ ಹಚ್ಚಿಸಲು ಆಗುವುದಿಲ್ಲ.

ಐದನೆಯ ಅಂಗವನ್ನು ಹೇಳಿ ಮುಗಿಸುತ್ತೇನೆ, 'ಪಾಸಿಟಿವ್ಸ್'. ಸೋತ ಮೇಲೆ ಆಡುವ ಈ ಮಾತನ್ನು ಶಾಸ್ತ್ರಜ್ಞರು ಸೋಲುವ ಮುಂಚೆಯೇ ಸಿದ್ಧಪಡಿಸಿಕೊಂಡಿರುತ್ತಾರೆ. ಇಡೀ ಪಂಚಾಂಗದಲ್ಲಿ ನಿಜವಾಗಿ ಪೂರ್ವಸಿದ್ಧತೆ ಎನ್ನಬಹುದಾದ್ದು ಇದೊಂದೇ.

ಇನ್ನು ಅಧ್ಯಾಯಗಳಿಗೆ ಅಂಕಿ ಹಾಕುವುದಿಲ್ಲ. ಪಂದ್ಯದ ದಿನ ಟಿವಿ ಮುಂದೆ ನಾನು ಸಂಶೋಧಕನಾಗಿಯೇ ಕೂತಿದ್ದೆ, ಕೈಯಲ್ಲಿ ಟಿಪ್ಪಣಿ ಪುಸ್ತಕ. ಫಿಫಾ ಪಟ್ಟಿಯಲ್ಲಿ ನಾವು 126, ಅವರು 162. ರಾಹುಲ್ ಭೇಕೆ ಕಾರ್ನರ್‌ಗೆ ತಲೆ ಕೊಟ್ಟರು, 1-0. ಲಿಸ್ಟನ್ ಕೊಲಾಸೊ ಮತ್ತೊಂದು ಕಾರ್ನರ್‌ಗೆ ತಲೆ ಕೊಟ್ಟರು. ಆಮೇಲೆ ಲಿಸ್ಟನ್ ಹಾಕಿದ ಕ್ರಾಸಿಗೆ ಛೆಟ್ರಿ. ಮೂರೂ ತಲೆಯಿಂದಲೇ, ಕಾಲ್ಚೆಂಡು ಎಂಬ ಪದದ ವಿರುದ್ಧ ಇದಕ್ಕಿಂತ ಒಳ್ಳೆಯ ಪುರಾವೆ ಸಿಗದು. 95ನೆಯ ಗೋಲು. 489 ದಿನಗಳ ಮೇಲೆ ಬಂದ ಗೆಲುವು. ಪುಸ್ತಕ ಎಲ್ಲಿ ಬಿತ್ತೋ ನೋಡಲಿಲ್ಲ. ಪಕ್ಕದ ಮನೆಯವರು ಕ್ರಿಕೆಟ್ಟೇನ್ರೀ ಅಂತ ಬಾಗಿಲಿಗೆ ಬಂದರು.

ಆರು ದಿನ ಕಳೆಯಿತು. ಪಟ್ಟಿಯಲ್ಲಿ 185ನೆಯವರಾದ ಬಾಂಗ್ಲಾದೇಶದ ಎದುರು, 0-0. ಅವತ್ತು ಪಾಸಿಟಿವ್ಸ್ ಹೇಳದೆ ಸಿಟ್ಟು ತೋರಿಸಿದವರು ಕೋಚ್ ಒಬ್ಬರೇ. ಜುಲೈ ಹೊತ್ತಿಗೆ ಅವರೂ ಇರಲಿಲ್ಲ. ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರು ಕೊನೆಗಳಿಗೆಯ ಪೆನಾಲ್ಟಿಗೆ ಸೋಲು. ಅಕ್ಟೋಬರ್ 14ಕ್ಕೆ ಫಾತೋರ್ಡಾದಲ್ಲಿ ಸಿಂಗಪುರ 2-1, ಏಷ್ಯಾ ಕಪ್ ಕನಸು ಅಲ್ಲಿಗೆ ಮುಗಿಯಿತು. ನವೆಂಬರ್‌ನಲ್ಲಿ ಢಾಕಾದಲ್ಲೂ ಸೋತೆವು. ಈ ಮಧ್ಯೆ ವ್ಯಾಪಾರದ ಒಪ್ಪಂದ ಕುದುರದೆ ಲೀಗ್ ಅನ್ನೇ ತಡೆಹಿಡಿದರು. ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಣೆ ಕೊಟ್ಟಿತು. ಪ್ರಸಂಗವೂ ಇರಲಿಲ್ಲ, ಮೇಳವೂ ಇರಲಿಲ್ಲ. ಆಗ ಚೌಕಿಯ ದೀಪವನ್ನೂ ಆರಿಸುವ ಮಾತು ಬಂತು.

ಹಿಂದೆ ಹೀಗಿರಲಿಲ್ಲ. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದ ನಮ್ಮ ತಂಡದ ಬಹುಪಾಲು ಜನ ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈಬಿಟ್ಟು, ಪಂದ್ಯ ಮುಗಿಯುವ ಹೊತ್ತಿಗೆ ಗೋಲು ಬಿಟ್ಟುಕೊಟ್ಟು, 2-1ರಿಂದ ಸೋತರು. ನಮ್ಮ ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲನೆಯ ಗೋಲು, ಹೊಡೆದದ್ದು ಮೈಸೂರು ಸಂಸ್ಥಾನದ ತಂಡದ ಸಾರಂಗಪಾಣಿ ರಾಮನ್. ಬೆಂಗಳೂರಿನಲ್ಲಿ ಅವರ ಹೆಸರು ಹೇಳಿದರೆ ಯಾವ ರಾಮನ್, ನೊಬೆಲ್ ರಾಮನ್ನಾ ಎನ್ನುತ್ತಾರೆ. 1951ರಲ್ಲಿ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ. ಮೊನ್ನೆ 2023ರಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, ಮೇಘಾಲಯವನ್ನು 3-2ರಿಂದ ಸೋಲಿಸಿ. ಎಲ್ಲಿ? ರಿಯಾದ್‌ನಲ್ಲಿ. ನಮ್ಮ ರಾಜ್ಯಗಳ ಫೈನಲ್ ಸೌದಿ ಅರೇಬಿಯಾದ ಮರಳಿಗೆ ಹೋಗಿತ್ತು. ಶಿಲ್ಲಾಂಗಿನ ಜನಕ್ಕೂ ಕಾಣಲಿಲ್ಲ, ನಮಗೂ ಕಾಣಲಿಲ್ಲ. ಶಿಲ್ಲಾಂಗಿಗೆ ಪುರುಷರ ಹಿರಿಯ ರಾಷ್ಟ್ರೀಯ ತಂಡ ಮೊದಲ ಸಲ ಹೋದದ್ದೇ ಈ ಮಾಲ್ಡೀವ್ಸ್ ಪಂದ್ಯಕ್ಕೆ. ಮನೆಮನೆಯಲ್ಲೂ ಈ ಆಟದ ಹುಚ್ಚಿರುವ ಊರು ಅಷ್ಟು ವರ್ಷ ಕಾದಿತ್ತು.

ಕ್ಷೇತ್ರಕಾರ್ಯವಿಲ್ಲದ ಸಂಶೋಧನೆಗೆ ಮಾನ್ಯತೆ ಇಲ್ಲವಾದ್ದರಿಂದ ಒಂದು ಭಾನುವಾರ ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಗಲ್ಲಿಯೊಂದರಲ್ಲಿ ಹುಡುಗರು ಎರಡೆರಡು ಇಟ್ಟಿಗೆ ಇಟ್ಟು ಆಡುತ್ತಿದ್ದರು. ಆಟೊ ಬಂದಾಗಲೆಲ್ಲ ಚೆಂಡಿನ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದರು, ಹೋದ ಮೇಲೆ ಅಲ್ಲಿಂದಲೇ ಶುರು. ತಮಿಳಿನಲ್ಲಿ ಕಿರುಚಾಡುತ್ತಿದ್ದವರು ನನಗಾಗಿ ಕನ್ನಡಕ್ಕೆ ಬಂದರು.

"ಯಾರ ಜೊತೆ ಮ್ಯಾಚು?" ಅಂತ ಕೇಳಿದೆ.

"ಹಿಂದಿನ ಬೀದಿಯೋರು ಅಂಕಲ್."

"ಫ್ರೆಂಡ್ಲಿನಾ?"

ಬೆನ್ನ ಮೇಲೆ ಹನ್ನೊಂದು ನಂಬರಿನ ನೀಲಿ ಅಂಗಿ ತೊಟ್ಟವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಫ್ರೆಂಡ್ಲಿ ಯಾಕಂಕಲ್ ಆಡ್ತೀವಿ? ಬೆಟ್ ಮ್ಯಾಚು. ಐನೂರು ರೂಪಾಯಿ. ಸ್ವಲ್ಪ ಸೈಡಿಗೆ ಬನ್ನಿ, ಗೋಲಲ್ಲಿ ನಿಂತಿದೀರ."