ಬಾಲಶೆಲ್ ಲಕ್ಷಣ: ಹಾಸನೂರು ಪಾಠ

ಸಿ ಭಾಷೆಯಲ್ಲಿ ಹೊಸಬರು ಬರೆಯುವ ಕಮ್ಯಾಂಡ್ ಶೆಲ್ಲುಗಳಲ್ಲಿ ಐದು ವರ್ಗ ಎಂಬುದು ಹಾಸನೂರು ಸಂಪ್ರದಾಯ. ಆರು ಎನ್ನುವವರೂ ಇದ್ದಾರೆ, ಅವರ ಸಂಗತಿ ಆಮೇಲೆ. ಈ ಊರಿಗೆ ಶಾಸ್ತ್ರಾಧಿಕಾರ ಬಂದದ್ದು ಅದು ಕೂತಿರುವ ಜಾಗದಿಂದ. ಇಲ್ಲಿನ ಹುಡುಗರು ದಿಂಬಂ ಘಾಟಿ ಇಳಿದರೆ ಸತ್ಯಮಂಗಲದ ಕಡೆ, ಅಣ್ಣಾ ವಿಶ್ವವಿದ್ಯಾಲಯದ ಸಿಲಬಸ್ಸು. ಎದುರು ಬಸ್ಸು ಹತ್ತಿ ಪುಣಜನೂರು ದಾಟಿದರೆ ಚಾಮರಾಜನಗರ, ವಿಟಿಯು ಸಿಲಬಸ್ಸು. ಎರಡರ ಆಪರೇಟಿಂಗ್ ಸಿಸ್ಟಮ್ ಲ್ಯಾಬಿನಲ್ಲೂ ಫೋರ್ಕ್, ಎಕ್ಸೆಕ್, ವೇಟ್ ಎಂಬ ತ್ರಿಮೂರ್ತಿಗಳೇ. ರಜೆಗೆ ಬಂದವರು ಟೀ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದರೆ ವಾದ ಕನ್ನಡದಲ್ಲಿ, ಬೈಗುಳ ಎರಡೂ ಭಾಷೆಯಲ್ಲಿ. ತೌಲನಿಕ ಅಧ್ಯಯನಕ್ಕೆ ಬೇರೆ ಪೀಠ ಯಾಕೆ ಬೇಕು?

ಒಂದು, ಮಂದವರ್ಗ. ಪ್ರಾಂಪ್ಟ್ ಮೂಡುತ್ತದೆ; ಎಲ್‌ಎಸ್ ಎಂದು ಹೊಡೆದರೆ ಅಂಥ ಕಮ್ಯಾಂಡೇ ಇಲ್ಲ ಅನ್ನುತ್ತದೆ. ಎಫ್‌ಗೆಟ್ಸ್ ಓದಿದ ಸಾಲಿನ ತುದಿಗೆ ಎಂಟರ್ ಒತ್ತಿದ ಗುರುತೂ ಅಂಟಿಕೊಂಡಿರುತ್ತದೆ. ಆ ಬಾಲ ಕತ್ತರಿಸಿದರೆ ಮುಗಿಯಿತು.

ಎರಡು, ಆತ್ಮಾಹುತಿ ವರ್ಗ. ಫೋರ್ಕ್ ಮಾಡದೆ ನೇರ ಎಕ್ಸೆಕ್‌ಗೆ ಕೈಹಾಕುವಂಥದ್ದು. ಎಕ್ಸೆಕ್ ಹೊಸ ಪ್ರೋಗ್ರಾಮನ್ನು ಹಳೆಯದರ ಗದ್ದುಗೆಯ ಮೇಲೆಯೇ ಕೂರಿಸುವುದರಿಂದ ಈ ಶೆಲ್ಲಿನ ಆಯುಷ್ಯ ಒಂದೇ ಕಮ್ಯಾಂಡ್.

ಮೂರು, ಸಂತಾನವರ್ಗ. ಫೋರ್ಕ್ ಅನ್ನು ಕರೆಯುವುದು ಒಂದು ಸಲ, ಅದು ಮರಳುವುದು ಎರಡು ಕಡೆ: ಮಗನಿಗೆ ಸೊನ್ನೆ, ಅಪ್ಪನಿಗೆ ಮಗನ ನಂಬರು. ಪಿಡಿಪಿ-7 ಯಂತ್ರದಲ್ಲಿ ಫೋರ್ಕ್ ಬರೆಯಲು ಸರಿಯಾಗಿ 27 ಸಾಲು ಅಸೆಂಬ್ಲಿ ಹಿಡಿಯಿತೆಂದು ಡೆನಿಸ್ ರಿಚಿ ಬರೆದಿಟ್ಟಿದ್ದಾರೆ. ದಿಂಬಂ ಘಾಟಿಯ ಹೇರ್‌ಪಿನ್ ತಿರುವುಗಳೂ 27, ನಕ್ಷತ್ರಗಳೂ 27. ಇದು ಕಾಕತಾಳೀಯ ಎನ್ನುವವರು ಆ ಘಾಟಿಯನ್ನು ಕಬ್ಬಿನ ಲಾರಿಯ ಹಿಂದೆ ಇಳಿದವರಲ್ಲ.

ಈ ವರ್ಗದ ಉಪಭೇದಗಳಲ್ಲಿ ಎರಡು ಮುಖ್ಯ. ಅಪ್ಪ ವೇಟ್ ಮಾಡದಿದ್ದರೆ ಅದು 'ಅವಸರಪಿತೃಕ': ಮೊದಲು ಪ್ರಾಂಪ್ಟ್ ಬಂದು ಅದರ ಮೈಮೇಲೆ ಎಲ್‌ಎಸ್‌ನ ಪಟ್ಟಿ ಸುರಿಯುತ್ತದೆ, ಕೆಲಸ ಮುಗಿಸಿದ ಮಕ್ಕಳು ಜಾಂಬಿಗಳಾಗಿ ಪಿಎಸ್ ಪಟ್ಟಿಯಲ್ಲಿ ಉಳಿಯುತ್ತಾರೆ. ಇನ್ನೊಂದು 'ಚಿರಂಜೀವಿ'. ಎಕ್ಸೆಕ್ ವಿಫಲವಾದಾಗ ಮಗ ಎಕ್ಸಿಟ್ ಆಗಬೇಕು. ದೊಡ್ಡ ಶೆಲ್ಲುಗಳಲ್ಲಿ 127 ಎಂಬ ಅಂಕಿ ಒಪ್ಪಿಸಿ ಸಾಯುತ್ತಾನೆ. ಇಲ್ಲಿ ಸಾಯುವುದಿಲ್ಲ, ಅಪ್ಪನ ವೇಷದಲ್ಲಿ ತಾನೇ ಪ್ರಾಂಪ್ಟ್ ತೋರಿಸುತ್ತಾನೆ. ಎಲ್‌ಎಸ್ ಅನ್ನು ಮೂರು ಸಲ ಎಸ್‌ಎಲ್ ಎಂದು ಹೊಡೆದವನು ಹೊರಬರಲು ನಾಲ್ಕು ಸಲ ಎಕ್ಸಿಟ್ ಹೊಡೆಯಬೇಕು. ಮೂರನೆಯ ಎಕ್ಸಿಟ್‌ನಲ್ಲಿ ಹುಡುಗನ ಮುಖ ನೋಡಬೇಕು.

ನಾಲ್ಕು, ಅಚಲವರ್ಗ. ನನ್ನ ದೃಷ್ಟಿಯಲ್ಲಿ ಇದೇ ಕುಲೀನ. ಹುಡುಗ ಹಾಸನೂರು ಎಂಬ ಫೋಲ್ಡರಿನಲ್ಲಿ ಕೂತು 'ಸಿಡಿ ತಾಳವಾಡಿ' ಎಂದು ಕೊಡುತ್ತಾನೆ. ದೂರಿಲ್ಲ, ತಕರಾರಿಲ್ಲ. ಪಿಡಬ್ಲ್ಯೂಡಿ ಕೇಳಿದರೆ ಇನ್ನೂ ಹಾಸನೂರು. ಮತ್ತೆ ಕೊಡುತ್ತಾನೆ, ಹಾಸನೂರೇ. ಆದದ್ದಿಷ್ಟು: ಶೆಲ್ ಫೋರ್ಕ್ ಮಾಡಿ ಫೋಲ್ಡರ್ ಬದಲಿಸುವ ಕೆಲಸವನ್ನು ಮಗನಿಗೆ ಹಚ್ಚಿದೆ. ಮಗ ತಾಳವಾಡಿ ಮುಟ್ಟಿದ್ದಾನೆ, ಅಲ್ಲೇ ತೀರಿಕೊಂಡಿದ್ದಾನೆ. ಅಪ್ಪ ಕೂತಲ್ಲಿಂದ ಅಲ್ಲಾಡಿಲ್ಲ.

ಕುಲೀನ ಎಂದದ್ದಕ್ಕೆ ವಂಶಾವಳಿಯ ಆಧಾರವಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್‌ಗೆ ಫೋರ್ಕ್ ಸೇರಿಸಿದಾಗ, ಅಲ್ಲಿಯವರೆಗೆ ಚೆನ್ನಾಗಿದ್ದ ಡೈರೆಕ್ಟರಿ ಬದಲಿಸುವ ಕಮ್ಯಾಂಡ್ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಅದನ್ನು ಕಟ್ಟಿದವರೇ ಕೋಡ್ ಮೇಲೆ ಕೋಡ್ ಓದಿ ತಲೆ ಕೆಡಿಸಿಕೊಂಡರೆಂದು ರಿಚಿಯೇ ಹೇಳಿದ್ದಾರೆ. ಕೊನೆಗೆ ಆ ಕಮ್ಯಾಂಡನ್ನು ಶೆಲ್ಲಿನ ಹೊಟ್ಟೆಯೊಳಗೇ ಇಟ್ಟರು. 1979ರ ಬೋರ್ನ್ ಶೆಲ್ಲಿನಲ್ಲೂ 1989ರ ಬ್ಯಾಶ್‌ನಲ್ಲೂ ಅದು ಅಲ್ಲೇ ಇದೆ. ಆದ್ದರಿಂದ ಈ ತಪ್ಪಿಗೆ ಅಂಕ ಕಳೆಯುವ ಮೇಷ್ಟ್ರು ಮೂಲಪುರುಷರಿಗೂ ಅಂಕ ಕಳೆದಂತೆ. ಎರಡೂ ಸಿಲಬಸ್ಸಿನ ಹುಡುಗರು ಒಮ್ಮತದಿಂದ ಒಪ್ಪುವ ಏಕೈಕ ಸೂತ್ರ ಇದು.

ಐದು, ನಾಳವರ್ಗ. ಡಗ್ ಮ್ಯಾಕಿಲ್ರಾಯ್ ಬೆನ್ನುಬಿದ್ದು 1973ರಲ್ಲಿ ಯೂನಿಕ್ಸ್‌ಗೆ ತರಿಸಿದ ಪೈಪ್ ಇದರ ಮೂಲ. ಎಲ್‌ಎಸ್ ಬರೆದದ್ದನ್ನು ಡಬ್ಲ್ಯೂಸಿ ಓದಿ ಎಣಿಸಬೇಕು. ಆದರೆ ಪೈಪಿನ ಬರೆಯುವ ತುದಿಯನ್ನು ಅಪ್ಪ ತನ್ನ ಕಡೆ ಮುಚ್ಚುವುದು ಮರೆತಿದ್ದಾನೆ. ಒಂದು ತುದಿ ತೆರೆದಿದ್ದರೂ ಸಾಕು, ಇನ್ನೂ ಏನೋ ಬರಲಿಕ್ಕಿದೆ ಎಂದು ಡಬ್ಲ್ಯೂಸಿ ಕಾಯುತ್ತದೆ; ಡಬ್ಲ್ಯೂಸಿ ಮುಗಿಯಲಿ ಎಂದು ಅಪ್ಪ ಕಾಯುತ್ತಾನೆ. ರಾತ್ರಿ ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ತಡೆದ ಲಾರಿಗಳಿಗಾದರೂ ಬೆಳಿಗ್ಗೆ 6ಕ್ಕೆ ಗೇಟು ತೆರೆಯುತ್ತದೆ, ಇವರಿಬ್ಬರಿಗೆ ಅದೂ ಇಲ್ಲ. ಕಂಟ್ರೋಲ್-ಸಿ ಒತ್ತಿದರೆ ಶೆಲ್ಲೂ ಸೇರಿ ಎಲ್ಲರೂ ಒಟ್ಟಿಗೆ ಸಾಯುತ್ತಾರೆ. ಸಿಗ್ನಲ್ ಹಿಡಿಯುವುದು ಮುಂದಿನ ವಾರದ ಪಾಠ.

ಇನ್ನು ಆರನೆಯದು, ನಕಲುವರ್ಗ. ಇದರಲ್ಲಿ ಸಿಡಿ ನಡೆಯುತ್ತದೆ, ಪೈಪ್ ನಡೆಯುತ್ತದೆ, ಕಾಮೆಂಟುಗಳು ಕೂಡ ಶುದ್ಧ ಇಂಗ್ಲಿಷಿನಲ್ಲಿವೆ. ವೈವಾದಲ್ಲಿ 'ಸಿಡಿಗೆ ಮಾತ್ರ ಫೋರ್ಕ್ ಯಾಕಪ್ಪ ಮಾಡಿಲ್ಲ?' ಎಂದು ಕೇಳಿದ ಕೂಡಲೇ ಲ್ಯಾಪ್‌ಟಾಪಿನ ಚಾರ್ಜ್ ಮುಗಿಯುತ್ತದೆ. ಇದನ್ನು ಶೆಲ್ಲುಗಳ ಪಟ್ಟಿಯಲ್ಲಿ ಅಲ್ಲ, ಬ್ಯಾಟರಿಗಳ ಪಟ್ಟಿಯಲ್ಲಿ ಸೇರಿಸಬೇಕೆಂದು ನನ್ನ ಮತ.